ಮುಂದಿನ ಸ್ಟ್ಯಾಂಡ್

ಪೆದ್ದ ವಾಲ್ತೇರು, ವಿಶಾಖಪಟ್ಟಣ
3 ನವೆಂಬರ್ 2024

ಶ್ರೇಯಸ್ ಅವರಿಗೆ,

ಕವರಿನ ಮೂಲೆಯಲ್ಲಿ ‘1’ ಎಂದು ಬರೆದಿದ್ದೇನೆ. ಮಹಡಿ ಮನೆಯ ಹಾರಿಕಾ ಅಕ್ಕ ಹೇಳಿಕೊಟ್ಟದ್ದು. ಪತ್ರಗಳು ನಿಮಗೆ ಒಂದೊಂದಾಗಿ ತಲುಪುವುದಿಲ್ಲವಂತೆ. ನೌಕಾಪಡೆಯ ಅಂಚೆಯಲ್ಲಿ ಸೇರಿಕೊಂಡಿದ್ದು, ಹಡಗು ಬಂದರು ಮುಟ್ಟಿದಾಗ ಕಟ್ಟಾಗಿ ಕೈಗೆ ಬರುತ್ತವಂತೆ. ನಂಬರ್ ಹಾಕದಿದ್ದರೆ ಗಂಡಸರು ಹಿಂದುಮುಂದಾಗಿ ಓದುತ್ತಾರಂತೆ. ನಿಮ್ಮ ಹಡಗಿನಲ್ಲೇ ಇರುವ ಅಕ್ಕನ ಯಜಮಾನರು ಹೋದ ವರ್ಷ ಜ್ವರ ಬಿಟ್ಟ ಪತ್ರವನ್ನು ಮೊದಲು, ಜ್ವರ ಬಂದ ಪತ್ರವನ್ನು ಆಮೇಲೆ ಓದಿ, ಫೋನ್ ಸಿಕ್ಕಿದ ಕೂಡಲೇ ಅತ್ತುಬಿಟ್ಟರಂತೆ. ‘ನಾನಾಗ ಉಪ್ಪಿನಕಾಯಿಗೆ ಮಾವು ಹೆಚ್ಚುತ್ತಾ ಕೂತಿದ್ದೆ’ ಎಂದು ಅಕ್ಕ ನಕ್ಕರು. ಅವರು ಅನಕಾಪಲ್ಲಿಯವರು. ನನಗೆ ಅರ್ಥವಾಗಲೆಂದು ತೆಲುಗನ್ನು ನಿಧಾನವಾಗಿ ಆಡುತ್ತಾರೆ.

ಹಡಗು ಹೊರಟ ಮೇಲೆ ಫೋನ್ ಇರುವುದಿಲ್ಲ ಎಂದು ನೀವು ಮದುವೆಗೆ ಮೊದಲೇ ಹೇಳಿದ್ದಿರಿ. ಆಗ ನಮ್ಮಮ್ಮ ಮುಖ ಸಣ್ಣ ಮಾಡಿಕೊಂಡರು. ನನಗೆ ಮಾತ್ರ ಒಳಗೊಳಗೇ ಸಮಾಧಾನವಾಗಿತ್ತು. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ.

ಹೊರಡುವ ದಿನ ನೀವು ಹೇಳಿದ ಮಾತು ನೆನಪಿದೆ. ಈ ಊರಿಗೆ ಬಂದು ಮೂರು ವರ್ಷವಾದರೂ ಡಾಕ್‌ಯಾರ್ಡಿನ ಗೇಟು, ತರಕಾರಿ ಮಾರ್ಕೆಟ್ಟು ಬಿಟ್ಟು ಏನೂ ನೋಡಿಲ್ಲ, ನೀನಾದರೂ ನೋಡಿ ಬರೆ ಎಂದಿರಿ. ನೀವು ಮಾತಿಗೆ ಹೇಳಿದ್ದಿರಬಹುದು. ನಾನು ಅದನ್ನು ಕೆಲಸವೆಂದೇ ತೆಗೆದುಕೊಂಡಿದ್ದೇನೆ.

ಬೀಚ್ ರಸ್ತೆಯಲ್ಲಿ ಅಲ್ಲಲ್ಲಿ ಹಸಿರು ಸೈಕಲ್‌ಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ, ನೋಡಿದ್ದೀರಾ? ಫೋನನ್ನು ಸೈಕಲ್ಲಿನ ಮೇಲಿನ ಚೌಕಕ್ಕೆ ಹಿಡಿದರೆ ಬೀಗ ತಾನೇ ಬಿಚ್ಚಿಕೊಳ್ಳುತ್ತದೆ. ಎಲ್ಲಿ ಬೇಕಾದರೂ ತುಳಿಯಬಹುದು. ಮುಗಿದ ಮೇಲೆ ಯಾವುದಾದರೂ ಸ್ಟ್ಯಾಂಡಿನ ಖಾಲಿ ಜಾಗಕ್ಕೆ ತಂದು ಸೇರಿಸಬೇಕು. ಸದ್ದಾಗಿ ಬೀಗ ಬೀಳುವವರೆಗೆ ಸವಾರಿ ನಮ್ಮ ಹೆಸರಿನಲ್ಲೇ ಇರುತ್ತದೆ. ಮುಂದೆ ಬುಟ್ಟಿ ಇದೆ, ಹಿಂದೆ ಕ್ಯಾರಿಯರ್ ಇಲ್ಲ. ಒಬ್ಬರಿಗೆ ಒಂದೇ.

ಮೊದಲ ದಿನ ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು ಹತ್ತಿದೆ. ಹೈಸ್ಕೂಲು ಬಿಟ್ಟ ಮೇಲೆ ತುಳಿದಿರಲಿಲ್ಲ. ಸಬ್‌ಮೆರೀನ್ ಮ್ಯೂಸಿಯಮ್ಮಿನವರೆಗೆ ಹೋಗಿ ಇಳಿದು ಟಿಕೆಟ್ ತೆಗೆದುಕೊಂಡೆ. ಒಳಗೆ ನಾವಿಕರು ಮಲಗುತ್ತಿದ್ದ ಹಲಗೆಗಳಿವೆ. ಯಾರೂ ನೋಡದಿದ್ದಾಗ ಒಂದರ ಮೇಲೆ ಕೈಯಿಟ್ಟೆ. ನಿಮ್ಮದೂ ಅಷ್ಟೇ ಕಿರಿದೇ? ಹೊರಗೆ ಮರಮರಾಲು, ಅಂದರೆ ನಮ್ಮ ಮಂಡಕ್ಕಿ, ಮಾರುವಾಕೆ ‘ಟೂರಿಸ್ಟಾ?’ ಎಂದು ಕೇಳಿದಳು. ಇಲ್ಲೇ ಮನೆ ಎನ್ನಬೇಕಿತ್ತು. ಹೌದು ಎಂದೆ. ಹಾಗೆಂದ ಮೇಲೆ ಎಷ್ಟೋ ಹಗುರವಾಯಿತು.

ನಿಮ್ಮ
ವರ್ಷಾ

*

ಹಡಗಿನಿಂದ
26 ನವೆಂಬರ್

ವರ್ಷಾಗೆ,

ಒಂದು, ಎರಡು ಒಟ್ಟಿಗೆ ಬಂದವು. ಎಲ್ಲಿದ್ದೇನೆ ಅಂತ ಬರೆಯೋ ಹಾಗಿಲ್ಲ. ನೀರಿನ ಮೇಲಿದ್ದೇನೆ.

ನೀನು ಎಂ.ಎ., ನಾನು ಡಿಪ್ಲೊಮಾ. ತಪ್ಪಿದ್ದರೆ ತಿದ್ದಬೇಡ. ನಿನ್ನ ಪತ್ರವನ್ನು ಗುರುದತ್ತನಿಗೂ ಓದಿ ಹೇಳಿದೆ. ಅವನು ನನ್ನ ಕೆಳಗಿನ ಹಲಗೆಯವನು, ಕಾರವಾರದ ಕಡೆಯವನು. ‘ನನ್ನ ಹೆಂಡತಿ ಪತ್ರದಲ್ಲಿ ಗ್ಯಾಸ್ ಸಿಲಿಂಡರ್ ಬಿಟ್ಟು ಬೇರೆ ಇರಲ್ಲ, ನಿನ್ನೋಳು ಸಿನಿಮಾ ತೋರಿಸ್ತಾಳೆ ಮಾರಾಯ’ ಅಂದ. ಈಗ ಬೀಚ್ ರಸ್ತೆಯಲ್ಲಿ ಮುಂದೇನಾಯಿತು ಅಂತ ನನಗಿಂತ ಅವನೇ ಜಾಸ್ತಿ ಕೇಳುತ್ತಾನೆ.

ನಾವು ಊರನ್ನು ನೋಡುವುದು ಸಮುದ್ರದ ಕಡೆಯಿಂದ. ಬರುವಾಗ ಮೊದಲು ಡಾಲ್ಫಿನ್ಸ್ ನೋಸ್ ಬೆಟ್ಟ ಕಾಣುತ್ತೆ, ಆಮೇಲೆ ಮನೆಗಳು ಚೂರುಚೂರಾಗಿ. ಆ ಮನೆಗಳ ಮಧ್ಯೆ ಏನಿದೆ ಅಂತ ಯೋಚನೆ ಮಾಡಿದವನೇ ಅಲ್ಲ. ಈಗ ಅಲ್ಲೊಂದು ಹಸಿರು ಸೈಕಲ್ ಓಡಾಡುತ್ತೆ ಅಂತ ಅಂದುಕೊಂಡರೆ ಖುಷಿಯಾಗುತ್ತೆ. ನಿಲ್ಲಿಸಬೇಡ. ಇಡೀ ಊರು ಸುತ್ತು. ನಾನು ಬಂದಾಗ ನೀನೇ ಗೈಡು.

ಹಲಗೆ ಅದಕ್ಕಿಂತ ಸ್ವಲ್ಪ ಅಗಲ ಇದೆ. ಸ್ವಲ್ಪವೇ.

ಶ್ರೇಯಸ್

*

ವಿಶಾಖಪಟ್ಟಣ
15 ಡಿಸೆಂಬರ್

ಶ್ರೇಯಸ್ ಅವರಿಗೆ,

ಇದು ನಾಲ್ಕನೆಯದು. ನಿನ್ನೆ ಹಳೇ ಊರಿಗೆ ಹೋಗಿದ್ದೆ. ಅಲ್ಲಿ ಸ್ಟ್ಯಾಂಡ್ ಇಲ್ಲ. ಹೋಗಿ ಬರುವವರೆಗೂ ಸೈಕಲ್ ನಮ್ಮ ಕೈಯಲ್ಲೇ ಇರಬೇಕು. ಕುರುಪಾಂ ಮಾರ್ಕೆಟ್ಟಿನ ಗಲ್ಲಿಗಳಲ್ಲಿ ತುಳಿಯಲಾಗದೆ ತಳ್ಳಿಕೊಂಡೇ ನಡೆದೆ. ಪಾತ್ರೆ ಅಂಗಡಿಯ ಮುದುಕರೊಬ್ಬರು ಗಿರಾಕಿ ಬಂದಳೆಂದು ಎದ್ದು ನಿಂತು, ನಾನು ಸುಮ್ಮನೆ ನೋಡುತ್ತಿದ್ದೇನೆಂದು ತಿಳಿದು ಮತ್ತೆ ಕುಳಿತರು. ಅವರನ್ನು ಎಬ್ಬಿಸಿದ ಸಂಕೋಚಕ್ಕೆ ಒಂದು ಚಹಾ ಸೋಸುವ ಜರಡಿ ಕೊಂಡುಬಿಟ್ಟೆ. ನಮ್ಮಲ್ಲಿ ಈಗ ಎರಡಿವೆ.

ಅಲ್ಲಿಂದ ಆಚೆ ಮೂರು ಗುಡ್ಡಗಳು ಒಂದಕ್ಕೊಂದು ತಗುಲಿಕೊಂಡಿವೆ. ಒಂದರ ಮೇಲೆ ಚರ್ಚು, ಒಂದರ ಮೇಲೆ ದರ್ಗಾ, ಇನ್ನೊಂದರ ಮೇಲೆ ವೆಂಕಟೇಶ್ವರನ ಗುಡಿ. ಸೈಕಲ್ಲನ್ನು ನೋಡಿಕೊಳ್ಳಲು ಕೆಳಗಿನ ಹೂವಿನಂಗಡಿಯವಳಿಗೆ ಹೇಳಿ ಚರ್ಚಿನ ಗುಡ್ಡ ಹತ್ತಿದೆ. ಮೇಲಿನಿಂದ ಹಡಗುಗಳು ಒಳಗೆ ಬರುವ ಕಾಲುವೆ ಕಾಣುತ್ತದೆ. ನೀವು ಹೊರಟ ದಿನ ನಾನು ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಇಲ್ಲಿ ನಿಂತಿದ್ದರೆ ನೋಡಬಹುದಿತ್ತು. ಈ ಜಾಗ ಗೊತ್ತಿರಲಿಲ್ಲ.

ವಾಪಸು ಬರುವಾಗ ಬಿಸಿಲು ಏರಿತ್ತು, ತಲೆ ಸುತ್ತಿದಂತಾಗಿ ಎಳನೀರು ಕುಡಿದು ಕುಳಿತೆ. ತಿಂಡಿ ತಿನ್ನದೆ ಹೊರಟಿದ್ದೆ, ಅದಕ್ಕೇ ಇರಬೇಕು. ಗುರುದತ್ತ ಅವರಿಗೆ ನಮಸ್ಕಾರ ತಿಳಿಸಿ. ಅವರಿಗೆ ಓದಿ ಹೇಳುತ್ತೀರೆಂದು ಗೊತ್ತಾದ ಮೇಲೆ ಬರೆಯುವಾಗ ಸೆರಗು ಸರಿಮಾಡಿಕೊಳ್ಳುವಂತಾಗುತ್ತದೆ.

ನಿಮ್ಮ
ವರ್ಷಾ

*

ವಿಶಾಖಪಟ್ಟಣ
9 ಜನವರಿ 2025

ಶ್ರೇಯಸ್ ಅವರಿಗೆ,

ಈ ಐದನೆಯದನ್ನು ಯಾರಿಗೂ ಓದಿ ಹೇಳಬೇಡಿ.

ಋಷಿಕೊಂಡದ ಬಗ್ಗೆ ಒಂದು ಪುಟ ಬರೆದು, ಅದನ್ನು ತೆಗೆದಿಟ್ಟು, ಇದನ್ನು ಬರೆಯುತ್ತಿದ್ದೇನೆ. ಹಳೇ ಊರಿನ ತಲೆಸುತ್ತಿಗೆ ಕಾರಣ ತಿಂಡಿಯಲ್ಲವಂತೆ. ಹಾರಿಕಾ ಅಕ್ಕ ನನ್ನ ಮುಖ ನೋಡಿಯೇ ಹೇಳಿದರು, ನಾನು ನಂಬಲಿಲ್ಲ. ನಿನ್ನೆ ಅವರೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೌದಂತೆ. ನೀವು ಹೊರಡುವ ಮುಂಚಿನದು. ಇಷ್ಟು ದಿನ ನಾನು ಒಬ್ಬಳೇ ಊರು ಸುತ್ತುತ್ತಿದ್ದೇನೆಂದು ನಿಮಗೆ ಬರೆಯುತ್ತಿದ್ದೆ, ನೋಡಿ.

ಅತ್ತೆಯವರಿಗೆ ಫೋನ್ ಮಾಡಿದೆ. ಅವರ ಖುಷಿಗೆ ಫೋನಿನಲ್ಲೇ ತಿಪಟೂರಿನ ಬೀದಿಯವರೆಲ್ಲ ಬಂದುಹೋದರು. ನಿಮಗೆ ಎಂದು ಗೊತ್ತಾಗುತ್ತದೋ ಎಂದು ಕೇಳಿದರು. ಪತ್ರ ತಲುಪಿದಾಗ ಎಂದೆ.

ಸೈಕಲ್ ತುಳಿಯಬಹುದೇ ಎಂದು ಡಾಕ್ಟರನ್ನು ಕೇಳಿದೆ. ಸಮತಟ್ಟಿನಲ್ಲಿ, ಆಯಾಸವಾಗದಂತೆ, ಇನ್ನೂ ಕೆಲವು ವಾರ ಅಡ್ಡಿಯಿಲ್ಲ ಎಂದರು. ಹಾರಿಕಾ ಅಕ್ಕ ಮಾತ್ರ, ‘ಡಾಕ್ಟರಮ್ಮನಿಗೇನು, ಅವರು ಕಾರಿನಲ್ಲಿ ಬರುತ್ತಾರೆ’ ಎಂದು ಗದರಿದರು. ನನಗೆ ಮುಂಜಾನೆಯ ಬೀಚ್ ರಸ್ತೆಯೊಂದೇ ಸಾಕು. ಆ ಹೊತ್ತಿನಲ್ಲಿ ಅದರ ಒಂದು ಭಾಗದಲ್ಲಿ ವಾಹನ ಬಿಡುವುದಿಲ್ಲ. ನೀವು ಏನನ್ನುತ್ತೀರಿ? ನಿಮ್ಮ ಉತ್ತರ ಬರುವಷ್ಟರಲ್ಲಿ ಬೇಸಿಗೆಯೇ ಬಂದಿರುತ್ತದೆ, ಆದರೂ ಕೇಳಬೇಕೆನಿಸಿತು.

ನಿಮ್ಮ
ವರ್ಷಾ

*

ವಿಶಾಖಪಟ್ಟಣ
23 ಜನವರಿ

ಶ್ರೇಯಸ್ ಅವರಿಗೆ,

ಕವರಿನ ಮೇಲೆ ‘6’ ಎಂದು ಬರೆದೆ. ಒಳಗೆ ಏನು ಬರೆಯಬೇಕೆಂದು ತಿಳಿಯುತ್ತಿಲ್ಲ.

ಮಗು ಉಳಿಯಲಿಲ್ಲ. ಭಾನುವಾರ. ನಾನು ಬೀಚ್ ರಸ್ತೆಯಲ್ಲಿ ಸೈಕಲ್ ಮೇಲೆ ಇದ್ದೆ. ಈಗ ಮನೆಗೆ ಬಂದಿದ್ದೇನೆ. ವಿಜಯವಾಡದಿಂದ ಮಂಗಳಾಗೌರಿ ದೊಡ್ಡಮ್ಮ ಬಂದು ಜೊತೆಯಲ್ಲಿದ್ದಾರೆ. ನಾಳೆ ನನ್ನನ್ನು ಅವರ ಮನೆಗೆ ಕರೆದುಕೊಂಡು ಹೋಗುತ್ತಾರಂತೆ. ನಿಮಗೆ ಮೊದಲಿನಿಂದ ಎಲ್ಲವನ್ನೂ ಹೇಳಬೇಕು. ಆ ದಿನ ಬೆಳಿಗ್ಗೆ

ಅತ್ತೆಯವರ ಫೋನ್ ಬರುತ್ತಿದೆ. ಆಮೇಲೆ ಮುಂದುವರಿಸುತ್ತೇನೆ.

*

ಹಡಗಿನಿಂದ
30 ಜನವರಿ

ವರ್ಷಾಗೆ,

ಈಗಷ್ಟೇ ಫೋನಿನಲ್ಲಿ ಮಾತಾಡಿದೆವು. ನಾನೊಬ್ಬನೇ ಮಾತಾಡಿದೆ ಅನ್ನು. ನೀನು ‘ಹೂಂ’ ಅಂದೆ. ಬಂದರಿನ ಫೋನ್ ಬೂತಿನ ಹಿಂದೆ ಹುಡುಗರೆಲ್ಲ ಸೇರಿಕೊಂಡು ಸ್ವೀಟು ಸ್ವೀಟು ಅಂತ ಕೂಗ್ತಿದ್ದರು, ನಿನಗೆ ನಾಚಿಕೆಯಾಗಿರಬೇಕು. ನೀನು ಹೇಳಿದ್ದೆಯಲ್ಲ, ಫೋನಿನಲ್ಲಿ ಮಾತು ಬರಲ್ಲ ಅಂತ. ದೊಡ್ಡಮ್ಮನ ಮನೆಗೆ ಹೋಗಿದ್ದು ಒಳ್ಳೇದಾಯಿತು, ಮಾಡಿ ಹಾಕೋರು ಇರುತ್ತಾರೆ.

ಮೂರು, ನಾಲ್ಕು, ಐದು ಒಟ್ಟಿಗೆ ಸಿಕ್ಕಿದವು. ನಂಬರಿನ ಪ್ರಕಾರವೇ ಓದಿದೆ. ನಾಲ್ಕರಲ್ಲಿ ತಲೆ ಸುತ್ತಿದಾಗ ಬೈಯ್ಯಬೇಕು ಅಂದುಕೊಂಡೆ, ಐದು ಓದಿ ಡೆಕ್ ಮೇಲೆ ಹೋಗಿ ನಿಂತುಕೊಂಡೆ. ನೀನು ಹೇಳಿದ ಹಾಗೆ ಯಾರಿಗೂ ಓದಿ ಹೇಳಲಿಲ್ಲ. ಆದರೆ ಗುರುದತ್ತ ನನ್ನ ಮುಖ ನೋಡಿಯೇ ಕಂಡುಹಿಡಿದ. ಇಲ್ಲೂ ಒಬ್ಬ ಹಾರಿಕಾ ಅಕ್ಕ ಇದ್ದಾನೆ ಅಂದುಕೋ.

ಸೈಕಲ್ ತುಳಿಯಬಹುದಾ ಅಂತ ಕೇಳಿದ್ದೀಯ. ತುಳಿ. ಡಾಕ್ಟರ್ ಹೇಳಿದ ಮೇಲೆ ಇನ್ನೇನು? ನಮ್ಮಜ್ಜಿ ನಮ್ಮಪ್ಪನ್ನ ಹೊತ್ತಾಗ ಕೊನೇ ತಿಂಗಳವರೆಗೂ ತೋಟಕ್ಕೆ ನೀರು ಹಾಯಿಸಿದಳಂತೆ. ವಿಶಾಖಪಟ್ಟಣಕ್ಕೆ ವಾಪಸು ಬಂದ ಮೇಲೆ ತೆನ್ನೇಟಿ ಪಾರ್ಕ್‌ವರೆಗೂ ಹೋಗಿ ಬಾ. ನಮ್ಮ ಹಡಗು ಉತ್ತರದಿಂದ ಬಂದರೆ ಆ ಬಂಡೆಗಳ ಮುಂದೆಯೇ ಹಾದುಹೋಗುತ್ತೆ. ಅವನಿಗೆ ಈಗಲೇ ತೋರಿಸಿಡು. ಅವಳಾದರೆ ಅವಳಿಗೆ.

ನಗಬೇಡ, ಹೆಸರು ಯೋಚಿಸಿದ್ದೇನೆ. ಬಂದಾಗ ಹೇಳುತ್ತೇನೆ.

ಶ್ರೇಯಸ್

*

ವಿಜಯವಾಡ
8 ಫೆಬ್ರವರಿ

ಶ್ರೇಯಸ್ ಅವರಿಗೆ,

ನಿಮ್ಮ ಪತ್ರ ಪೆದ್ದ ವಾಲ್ತೇರಿಗೆ ಹೋಗಿ, ಹಾರಿಕಾ ಅಕ್ಕ ವಿಳಾಸ ಬದಲಿಸಿ ಹಾಕಿದ ಮೇಲೆ ಇಲ್ಲಿಗೆ ಬಂತು. ಓದಿದೆ.

ಇಲ್ಲಿ ಆ ಸೈಕಲ್‌ಗಳು ಕಾಣಲಿಲ್ಲ. ನಡೆದೇ ನೋಡುತ್ತಿದ್ದೇನೆ. ಸಂಜೆ ದೊಡ್ಡಪ್ಪನ ಜೊತೆ ಕೃಷ್ಣೆಯ ಬ್ಯಾರೇಜಿನ ಮೇಲೆ ಹೋಗುತ್ತೇನೆ. ಒಂದು ಕಡೆ ತುಂಬಿದ ನೀರು, ಇನ್ನೊಂದು ಕಡೆ ಮರಳು. ಊರಿನೊಳಗೆಲ್ಲ ಕಾಲುವೆಗಳು, ಯಾವ ರಸ್ತೆ ಹಿಡಿದರೂ ಒಂದು ಸೇತುವೆ ಸಿಗುತ್ತದೆ. ಕಾಮೇಶ್ವರ ದೊಡ್ಡಪ್ಪನಿಗೆ ಕನ್ನಡ ಬರುವುದಿಲ್ಲ, ನನ್ನ ತೆಲುಗು ಅರ್ಧಂಬರ್ಧ. ಹೀಗಾಗಿ ಇಬ್ಬರೂ ಸುಮ್ಮನೆ ನಡೆಯುತ್ತೇವೆ. ಅದು ಹಿತವಾಗಿದೆ.

ದೊಡ್ಡಮ್ಮ ಇಲ್ಲಿಗೆ ಮದುವೆಯಾಗಿ ಬಂದು ಬಹಳ ವರ್ಷವಾಯಿತಲ್ಲ, ಅವರ ಕನ್ನಡಕ್ಕೆ ಈಗ ತೆಲುಗಿನ ಒಗ್ಗರಣೆ. ‘ಪರ್ವಾಲೇದಮ್ಮಾ, ಇನ್ನೊಂದು ತುತ್ತು ಕಲಸ್ಕೋ’ ಎನ್ನುತ್ತಾರೆ. ಮಕ್ಕಳ ಜೊತೆ ಪೂರ್ತಿ ತೆಲುಗು. ಮೊನ್ನೆ ನನ್ನ ತಲೆಗೆ ಎಣ್ಣೆ ಹಚ್ಚುತ್ತಾ, ಎಷ್ಟೋ ಕಾಲದ ಮೇಲೆ ಪೂರ್ತಿ ಕನ್ನಡದಲ್ಲಿ ಬೈಸಿಕೊಳ್ಳೋಕೆ ಒಬ್ಬಳು ಸಿಕ್ಕಿದಳು ಎಂದರು. ಬೈಯಲಿಲ್ಲ.

ಚಳಿ ಹೋಗಿ ಸೆಕೆ ಶುರುವಾಗಿದೆ. ನೀವು ಆರೋಗ್ಯ ನೋಡಿಕೊಳ್ಳಿ.

ನಿಮ್ಮ
ವರ್ಷಾ

*

ಹಡಗಿನಿಂದ
2 ಮಾರ್ಚ್

ವರ್ಷಾ,

ಕವರಿನ ಮೇಲೆ ಏಳು ಅಂತಿದೆ. ಆರು ಬಂದಿಲ್ಲ. ಅಂಚೆಯವರನ್ನು ಎರಡು ಸಲ ಕೇಳಿಸಿದೆ, ಇಲ್ಲ ಅಂದರು. ಹಾರಿಕಾ ಅವರು ಯಜಮಾನರಿಗೆ ಬರೆದ ಪತ್ರಗಳು ಒಂದೂ ತಪ್ಪದೆ ಬಂದಿವೆ.

ಏಳನ್ನು ಎಷ್ಟು ಸಲ ಓದಿದರೂ ನದಿ ಇದೆ, ಕಾಲುವೆ ಇದೆ, ದೊಡ್ಡಪ್ಪ ಇದ್ದಾರೆ. ನಾನು ಬರೆದ ಯಾವುದಕ್ಕೂ ಉತ್ತರ ಇಲ್ಲ. ಹೆಸರು ಏನು ಅಂತ ಕೂಡ ಕೇಳಿಲ್ಲ.

ಆರರಲ್ಲಿ ಏನಿತ್ತು?

ಶ್ರೇಯಸ್

*

ವಿಶಾಖಪಟ್ಟಣ
16 ಮಾರ್ಚ್

ಶ್ರೇಯಸ್ ಅವರಿಗೆ,

ಆರನ್ನು ಹರಿದು ಹಾಕಿದೆ. ಅತ್ತೆಯವರು ಬೇಡ ಎಂದರು. ಸಮುದ್ರದ ಮೇಲಿರುವವನಿಗೆ ಇಂಥದ್ದನ್ನು ತಿಳಿಸಬಾರದು, ಯಂತ್ರಗಳ ಮಧ್ಯೆ ಕೆಲಸ ಮಾಡುವವನು, ಬಂದ ಮೇಲೆ ಹೇಳೋಣ ಎಂದರು. ಹಾರಿಕಾ ಅಕ್ಕನಿಂದಲೂ ಮಾತು ತೆಗೆದುಕೊಂಡರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಮುಂದಿನ ಕವರಿನ ಮೇಲೆ ನನ್ನ ಕೈ ತಾನಾಗಿ ಏಳು ಎಂದು ಬರೆದುಬಿಟ್ಟಿತು.

ಮಗು ಇಲ್ಲ. ಜನವರಿ ಹತ್ತೊಂಬತ್ತರಂದು ಹೋಯಿತು. ನೀವು ಫೋನ್ ಮಾಡಿದಾಗಲೇ ಇರಲಿಲ್ಲ. ನಿಮ್ಮ ಹಿಂದೆ ಅಷ್ಟು ಜನ ಕೂಗುತ್ತಿದ್ದರು, ನನಗೆ ಹೇಳಲಾಗಲಿಲ್ಲ.

ಈಗ ಹೇಳುತ್ತೇನೆ. ಅವತ್ತು ಮನೆಯ ಹತ್ತಿರದ ಸ್ಟ್ಯಾಂಡಿನಿಂದ ಹೊರಟೆ. ಲಾಸನ್ಸ್ ಬೇ ದಾಟುವಾಗ ಹೊಟ್ಟೆಯಲ್ಲಿ ಹಿಡಿದಂತಾಯಿತು. ನಿಧಾನಿಸಿದೆ, ಹೋಯಿತು. ಜೋಡುಗುಳ್ಳಪಾಲೆಂನಲ್ಲಿ ದೋಣಿಗಳಿಂದ ಮೀನು ಇಳಿಸುವುದನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಂತೆ. ಮತ್ತೆ ಬಂತು, ಈ ಸಲ ಹೋಗಲಿಲ್ಲ. ತೆನ್ನೇಟಿ ಪಾರ್ಕಿನಲ್ಲಿ ಸೈಕಲ್ ಬಿಟ್ಟು ಆಟೋ ಹಿಡಿದು ಮನೆಗೆ ಹೋಗೋಣವೆಂದು ಅಲ್ಲಿಯವರೆಗೆ ತುಳಿದೆ.

ಸ್ಟ್ಯಾಂಡ್ ತುಂಬಿತ್ತು. ಭಾನುವಾರ, ಎಲ್ಲರೂ ಅಲ್ಲಿಗೇ ಬಂದು ಬಿಟ್ಟಿದ್ದರು. ಒಂದು ಜಾಗವೂ ಖಾಲಿ ಇರಲಿಲ್ಲ. ಎದುರಿಗೇ ಆಟೋಗಳಿದ್ದವು. ಒಬ್ಬ ಡ್ರೈವರ್ ನನ್ನ ಮುಖ ನೋಡಿ, ‘ಪಕ್ಕನ ಪೆಟ್ಟಿ ಎಕ್ಕಂಡಮ್ಮಾ’ ಎಂದು ಕರೆದ. ಸೈಕಲ್ಲನ್ನು ಪಕ್ಕಕ್ಕಿಟ್ಟು ಹತ್ತು ಎಂದು ಅವನು ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಯಿತು. ಆದರೆ ಸ್ಟ್ಯಾಂಡಿಗೆ ಸೇರಿಸದೆ ಸವಾರಿ ಮುಗಿಯುವುದಿಲ್ಲ. ನನ್ನ ಹೆಸರಿನಲ್ಲಿ ತಂದದ್ದನ್ನು ಗೋಡೆಗೆ ಒರಗಿಸಿ ಹೋಗಿಬಿಡುವುದು ನನ್ನ ತಲೆಗೆ ಹತ್ತಲೇ ಇಲ್ಲ. ಬೇಡ ಎಂದು ಕೈಯಾಡಿಸಿ ಮುಂದಿನ ಸ್ಟ್ಯಾಂಡಿಗೆ ಹೊರಟೆ.

ಅಲ್ಲೊಂದು ಏರಿದೆ. ಇಳಿದು ತಳ್ಳಬಹುದಿತ್ತು. ಬೇಗ ಮುಟ್ಟಿಬಿಡೋಣವೆಂದು ತುಳಿದೆ. ಮುಂದಿನ ಸ್ಟ್ಯಾಂಡಿನಲ್ಲಿ ಬೇಕಾದಷ್ಟು ಜಾಗವಿತ್ತು. ಸೈಕಲ್ಲನ್ನು ಸೇರಿಸಿದೆ, ಬೀಗ ಬಿತ್ತು, ಸವಾರಿ ಮುಗಿಯಿತು, ಧನ್ಯವಾದ ಎಂದು ಫೋನಿನಲ್ಲಿ ಬಂತು. ಅದನ್ನು ಓದಿದ ಮೇಲೆ ಅಲ್ಲೇ ಕುಳಿತುಬಿಟ್ಟೆ. ಕೆಳಗೆ ನೋಡಿಕೊಂಡೆ. ಬೆಳಗಿನ ವಾಕಿಂಗಿಗೆ ಬಂದ ಇಬ್ಬರು ಹೆಂಗಸರು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅವರ ಹೆಸರನ್ನೂ ಕೇಳಲಿಲ್ಲ.

ಸೈಕಲ್ಲಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರ್ ಹೇಳಿದರು. ಸ್ಕ್ಯಾನ್ ನೋಡಿ, ಬೆಳವಣಿಗೆ ಕೆಲವು ದಿನ ಮೊದಲೇ ನಿಂತಿತ್ತು, ನೀನು ಹಾಸಿಗೆ ಬಿಟ್ಟು ಏಳದಿದ್ದರೂ ಹೀಗೇ ಆಗುತ್ತಿತ್ತು ಎಂದು ಬಿಡಿಸಿ ಹೇಳಿದರು. ನಾನು ತಲೆಯಾಡಿಸಿದೆ. ದೊಡ್ಡಮ್ಮನೂ ಅದನ್ನೇ ಹೇಳಿದರು. ಅತ್ತೆಯವರು, ‘ಆಗಿದ್ದು ಆಯ್ತು, ಆ ಸೈಕಲ್ ವಿಷಯ ಮಾತ್ರ ಅವನಿಗೆ ಹೇಳ್ಬೇಡ ಕಣಮ್ಮ, ನೊಂದ್ಕೋತಾನೆ’ ಎಂದರು. ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು. ಆದರೂ ಅವತ್ತಿನಿಂದ ನನಗೆ ಬೇರೆ ಯಾವ ಮಾತೂ ಕೇಳಿಸುತ್ತಿಲ್ಲ.

ನಿಮಗೆ ಹೇಳದೆ ಇರುವುದು ನನ್ನಿಂದಾಗದು. ಇದನ್ನು ಓದಿ ನಿಮಗೆ ಏನನ್ನಿಸುತ್ತದೆಯೋ ಅದು ನನಗೆ ತಿಳಿಯಬೇಕು. ಬೇರೆಯವರು ಹೇಳಿದ್ದೆಲ್ಲ ಸಾಕಾಗಿದೆ.

ವರ್ಷಾ

*

ಹಡಗಿನಿಂದ
29 ಮಾರ್ಚ್

ವರ್ಷಾ,

ಎಂಟು ಬಂತು. ಓದಿದೆ. ಮುಂದಿನ ತಿಂಗಳು ಬರುತ್ತಿದ್ದೇವೆ. ಬಂದು ಮಾತಾಡುತ್ತೇನೆ. ಊಟ ಬಿಡಬೇಡ.

ಶ್ರೇಯಸ್

*

ವಿಶಾಖಪಟ್ಟಣ
25 ಮೇ

ಶ್ರೇಯಸ್ ಅವರಿಗೆ,

ನೀವು ಮತ್ತೆ ಹೊರಟ ದಿನ ಚರ್ಚಿನ ಗುಡ್ಡ ಹತ್ತಿ ನಿಂತಿದ್ದೆ. ಹಡಗು ಕಾಲುವೆಯಲ್ಲಿ ಹೋಗುವುದು ಕಾಣಿಸಿತು. ಸಾಲಾಗಿ ನಿಂತ ಬಿಳಿ ಬಟ್ಟೆಗಳಲ್ಲಿ ನೀವು ಯಾರೆಂದು ತಿಳಿಯಲಿಲ್ಲ.

ಬಂದು ಮಾತಾಡುತ್ತೇನೆ ಎಂದು ಬರೆದಿದ್ದಿರಿ. ಮಾತಾಡಲಿಲ್ಲ. ನಿಮ್ಮನ್ನು ದೂರುತ್ತಿಲ್ಲ. ಮೊದಲ ವಾರ ತಿಪಟೂರಿನಲ್ಲಿ ಮನೆ ತುಂಬ ಜನ. ಇಲ್ಲಿಗೆ ಬಂದ ಮೇಲೆ ನೀವು ನಲ್ಲಿ ರಿಪೇರಿ ಮಾಡಿದಿರಿ, ಫ್ಯಾನಿಗೆ ಎಣ್ಣೆ ಹಾಕಿದಿರಿ, ಕಿಟಕಿಗೆ ಸೊಳ್ಳೆಪರದೆ ಹೊಡೆದಿರಿ. ನಾನು ಎದುರಿಗೆ ಬಂದು ಕುಳಿತಾಗಲೆಲ್ಲ ನಿಮಗೊಂದು ಕೆಲಸ ನೆನಪಾಗುತ್ತಿತ್ತು. ಸ್ಕ್ರೂಡ್ರೈವರ್ ತಂದುಕೊಡುವುದೇ ನನ್ನ ಕೆಲಸವಾಗಿತ್ತು. ಹಾರಿಕಾ ಅಕ್ಕ ಮೇಲಿನಿಂದ ಇಣುಕಿ, ‘ನಿನ್ನ ಗಂಡ ನಮ್ಮ ಮನೆಗೂ ಒಂದಿನ ಬರಲಿ, ನಮ್ಮ ಮಹಾನುಭಾವ ಬಂದಾಗಿನಿಂದ ಮಲಗೇ ಇದ್ದಾನೆ’ ಎಂದಿದ್ದು ನಿಮಗೂ ಕೇಳಿಸಿ ನಕ್ಕಿದ್ದಿರಿ.

ರಜೆ ಮುಗಿಯುವ ಹೊತ್ತಿಗೆ ನೀವೇ, ‘ಊರು ತೋರಿಸ್ತೀನಿ ಅಂದಿದ್ದೆಯಲ್ಲ’ ಎಂದಿರಿ. ಜನವರಿಯ ನಂತರ ನಾನು ಆ ಸೈಕಲ್ ಮುಟ್ಟಿರಲಿಲ್ಲ. ಮುಂಜಾನೆ ನಿಮ್ಮ ಫೋನಿಗೊಂದು, ನನ್ನ ಫೋನಿಗೊಂದು ತೆಗೆದುಕೊಂಡೆವು. ನೀವು ತುಂಬ ಹೊತ್ತು ಹ್ಯಾಂಡಲ್ ಓಲಾಡಿಸಿದಿರಿ. ಹಡಗಿಗೆ ಬ್ರೇಕ್ ಇರಲ್ಲ ಕಣೇ, ಅಭ್ಯಾಸ ತಪ್ಪಿದೆ ಎಂದಿರಿ. ನಾನು ಗೈಡಿನಂತೆ ಎಡಕ್ಕೆ ಬಲಕ್ಕೆ ಕೈ ತೋರಿಸುತ್ತಾ ಹೋದೆ. ಪಕ್ಕದಲ್ಲಿ ಬರುವಷ್ಟು ರಸ್ತೆ ಇದ್ದರೂ ನೀವು ಹಿಂದೆಯೇ ಬರುತ್ತಿದ್ದಿರಿ. ತಿರುಗಿ ನೋಡಿದಾಗಲೆಲ್ಲ ನಿಮ್ಮ ಕಣ್ಣು ನನ್ನ ಕಾಲುಗಳ ಮೇಲಿರುತ್ತಿತ್ತು.

ತೆನ್ನೇಟಿ ಪಾರ್ಕಿನಲ್ಲಿ ನೀವು ನಿಂತಿರಿ. ಅವತ್ತು ಅರ್ಧಕ್ಕರ್ಧ ಸ್ಟ್ಯಾಂಡ್ ಖಾಲಿ ಇತ್ತು. ‘ಇದೇನಾ?’ ಎಂದು ಕೇಳಿದಿರಿ. ಹೌದು ಎಂದೆ. ‘ಮುಂದಿನದು ಎಲ್ಲಿ?’ ಎಂದಿರಿ. ಕೈ ತೋರಿಸಿದೆ. ನೀವು ಸೈಕಲ್ಲನ್ನು ಸ್ಟ್ಯಾಂಡಿಗೆ ಸೇರಿಸಿ, ನನ್ನದನ್ನೂ ತೆಗೆದುಕೊಂಡು ಸೇರಿಸಿ, ಇಲ್ಲೇ ಕೂತಿರು ಎಂದು ಹೇಳಿ ಹೊರಟಿರಿ. ನಡೆದುಕೊಂಡು. ಏರಿನಲ್ಲಿ ನಿಮ್ಮ ಬೆನ್ನು ಕಾಣುತ್ತಿತ್ತು, ಆಮೇಲೆ ಕಾಣಲಿಲ್ಲ. ಮುಂದಿನ ಸ್ಟ್ಯಾಂಡಿನವರೆಗೆ ಹೋಗಿ ಬರಲು ಎಷ್ಟು ಹೊತ್ತು ಬೇಕೋ ಅದಕ್ಕಿಂತ ಹೆಚ್ಚು ಹೊತ್ತಾಯಿತು. ವಾಪಸು ಬಂದು, ಟೀ ಕುಡಿಯೋಣವಾ ಎಂದಿರಿ. ಕುಡಿದೆವು. ಆಟೋದಲ್ಲಿ ಮನೆಗೆ ಬಂದೆವು.

ಅಷ್ಟು ದೂರ ಹೋಗುವಾಗ, ಬರುವಾಗ ನಿಮ್ಮ ಮನಸ್ಸಿನಲ್ಲಿ ಏನಿತ್ತು? ಮುಖ ನೋಡಿ ಕೇಳುವ ಧೈರ್ಯ ನನಗೆ ಬರಲಿಲ್ಲ, ಹೇಳುವ ಧೈರ್ಯ ನಿಮಗೂ ಬರಲಿಲ್ಲವೇನೋ. ಈಗ ನಮ್ಮ ಮಧ್ಯೆ ಬೇಕಾದಷ್ಟು ನೀರಿದೆ. ಬರೆಯಿರಿ. ನನಗೆ ಹಿತವಾಗಲೆಂದು ಬರೆಯಬೇಡಿ.

ವರ್ಷಾ

*

ಹಡಗಿನಿಂದ
14 ಜೂನ್

ವರ್ಷಾ,

ನಾಲ್ಕು ಸಲ ಬರೆದು ಹರಿದೆ. ಇದು ಇರಲಿ.

ಡಾಕ್ಟರ್ ಹೇಳಿದ್ದು ನನಗೆ ಗೊತ್ತು. ನಮ್ಮ ಹಡಗಿನ ಡಾಕ್ಟರನ್ನೂ ಬೇರೆ ಯಾರದೋ ವಿಷಯ ಅನ್ನೋ ಹಾಗೆ ಕೇಳಿದೆ, ಅವರೂ ಹಾಗೇ ಅಂದರು. ಅದರ ಮೇಲೆ ನಾನು ಹೇಳುವುದು ಏನೂ ಇರಬಾರದು. ಆದರೆ ನೀನು ಕೇಳಿದ್ದೀಯ.

ಆ ಏರು ಹತ್ತುವಾಗ ನಿನ್ನ ಮೇಲೆ ಕೋಪ ಇತ್ತು. ಒಂದು ಸೈಕಲ್. ಅದನ್ನು ರಸ್ತೆಗೆ ಎಸೆದು ಆಟೋ ಹತ್ತಬಾರದಿತ್ತಾ ಅಂತ. ಮುಂದಿನ ಸ್ಟ್ಯಾಂಡಿನಲ್ಲಿ ನೀನು ಕೂತಿದ್ದೆ ಅಂದ ಜಾಗದಲ್ಲೇ ಕೂತುಕೊಂಡೆ. ಎದುರಿಗೆ ಸಮುದ್ರ. ಅವತ್ತು ನಾನು ಆ ಕಡೆ ಎಲ್ಲೋ ಇದ್ದೆ. ವಾಲಿಬಾಲ್ ಆಡುತ್ತಿದ್ದೆನೋ, ಬಟ್ಟೆ ಒಗೆಯುತ್ತಿದ್ದೆನೋ, ನೆನಪೂ ಇಲ್ಲ. ಇಡೀ ಊರು ಸುತ್ತು ಅಂತ ಬರೆದವನು ನಾನು. ನೀನು ಈ ಕಡೆ ಯಾರೋ ಹೆಂಗಸರ ಕೈ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿದ್ದೆ. ಅಲ್ಲೇ ಕೂತು ನಾನು ಅತ್ತುಬಿಟ್ಟೆ. ನಾನು ಅತ್ತಿದ್ದು ನಿನಗೆ ಗೊತ್ತಾಗಬಾರದು ಅಂತ ತಡ ಮಾಡಿ ಬಂದೆ.

ವಾಪಸು ಇಳಿಯುವಾಗ ಕೋಪ ಇರಲಿಲ್ಲ.

ಆ ಕೋಪ ಮತ್ತೆ ಬರಲ್ಲ ಅಂತ ಮಾತು ಕೊಡಲಾರೆ. ಇಲ್ಲಿಗೆ ಬಂದ ಮೇಲೆ ಒಂದು ಸಲ ಬಂತು, ಹೋಯಿತು. ನಿನಗೆ ಸುಳ್ಳು ಹೇಳಬಾರದು ಅಂತ ಬರೆದಿದ್ದೇನೆ. ಇದನ್ನು ಓದಿ ನೀನು ತಿಪಟೂರಿಗೋ, ನಿಮ್ಮಮ್ಮನ ಮನೆಗೋ ಹೋದರೆ ನಾನು ಏನೂ ಅನ್ನುವುದಿಲ್ಲ.

ಶ್ರೇಯಸ್

*

ಪೆದ್ದ ವಾಲ್ತೇರು, ವಿಶಾಖಪಟ್ಟಣ
2 ಜುಲೈ

ಶ್ರೇಯಸ್ ಅವರಿಗೆ,

ನಿಮ್ಮ ಪತ್ರ ಬಂತು. ಓದಿ ಮಡಿಸಿಟ್ಟು ಅಡುಗೆ ಮಾಡಿದೆ, ಊಟ ಮಾಡಿದೆ. ಆಮೇಲೆ ಇನ್ನೊಮ್ಮೆ ಓದಿದೆ.

ಎಲ್ಲಿಗೂ ಹೋಗುತ್ತಿಲ್ಲ.

ನನಗೂ ಹಾಗೆಯೇ ಆಗುತ್ತದೆ. ಕೆಲವು ದಿನ ನನ್ನ ಮೇಲೆ ಕೋಪ ಬರುತ್ತದೆ. ಕೆಲವು ದಿನ ನಿಮ್ಮ ಮೇಲೆ. ಇಷ್ಟು ದೂರವಿದ್ದದ್ದಕ್ಕೆ, ಫೋನಿನಲ್ಲಿ ಅಷ್ಟು ಖುಷಿಯಾಗಿದ್ದದ್ದಕ್ಕೆ, ನಲ್ಲಿ ರಿಪೇರಿ ಮಾಡಿದ್ದಕ್ಕೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಎಲ್ಲರೂ ನನ್ನನ್ನು ಸಮಾಧಾನ ಮಾಡುತ್ತಿದ್ದರು. ಸಮಾಧಾನ ಮಾಡುವವರ ಹತ್ತಿರ ಕೋಪದ ಮಾತು ಆಡುವುದಕ್ಕಾಗುವುದಿಲ್ಲ.

ನಿಮಗೆ ಕೋಪ ಬಂದಾಗ ಬರೆಯಿರಿ. ನಾನೂ ಬರೆಯುತ್ತೇನೆ. ತಲುಪುವಷ್ಟರಲ್ಲಿ ಅದು ಹೋಗಿರಬಹುದು, ಆದರೂ ಬರೆಯೋಣ.

ವರ್ಷಾ